ಎಂಬತ್ತನಾಲ್ಕು ದಿನದ ಮುಯ್ಯಿ

ಬೆಳಗಿನ ಜಾವ ಐದೂವರೆ. ಮಾರ್ಚ್ ತಿಂಗಳ ಮೊದಲ ಶನಿವಾರ. ಲುಡ್ವಿಗ್ಸ್‌ಬುರ್ಗಿನ ನಮ್ಮ ಬೀದಿಯಲ್ಲಿ ಯಾರ ಮನೆಯ ದೀಪವೂ ಇನ್ನೂ ಹತ್ತಿಲ್ಲ. ಇವರು ಕಾರಿನ ಮುಂದಿನ ಗಾಜಿಗೆ ಹೆಪ್ಪುಗಟ್ಟಿದ ಇಬ್ಬನಿಯನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯುತ್ತಿದ್ದಾರೆ. ಕರಕರ ಸದ್ದು ಬೀದಿಯ ಆ ತುದಿಗೂ ಕೇಳುತ್ತಿರಬೇಕು. ನಾನು ಡಿಕ್ಕಿಯಲ್ಲಿ ಸೂಟ್‌ಕೇಸಿನ ಪಕ್ಕಕ್ಕೆ ಒಂದು ರಟ್ಟಿನ ಪೆಟ್ಟಿಗೆ ಇಡುತ್ತಿದ್ದೇನೆ. ಒಳಗೆ ಒಂದು ಕೆಜಿ ರವೆ, ಸಾರಿನ ಪುಡಿ, ಹುರಿಗಡಲೆ ಚಟ್ನಿಪುಡಿ, ಸಾಸಿವೆ, ಒಣಗಿಸಿದ ಕರಿಬೇವು.

ಮಗಳು ಪೆಟ್ಟಿಗೆ ನೋಡಿ ಹಣೆ ಚಚ್ಚಿಕೊಳ್ಳುತ್ತಾಳೆ. "ಅಮ್ಮ, ಅವರ ಮನೇಲೂ ಒಲೆ ಉರಿಯತ್ತೆ. ನಾನೇನು ಕಾಡಿಗೆ ಹೋಗ್ತಿದೀನಾ?"

"ಇದು ನಿನಗಲ್ಲ ಪುಟ್ಟಿ. ಆ ಹುಡುಗಿ ಕೇಳಿದಾಳೆ."

ನಿಜ. ಮಗಳು ಹೋಗಿ ಇರಲಿರುವ ಮನೆಯ ಫ್ರೆಂಚ್ ಹುಡುಗಿ ಹೋದ ವಾರ ಮೆಸೇಜ್ ಹಾಕಿದ್ದಳು. ನನಗೆ ಬರುವ ಅರೆಬರೆ ಜರ್ಮನ್, ಅವಳಿಗೆ ಬರುವ ಅರೆಬರೆ ಜರ್ಮನ್, ನಡುವೆ ಕನ್ನಡದ ಒಂದೇ ಪದ: ಉಪ್ಪಿಟ್ಟು.

ಹಿಂದಿನ ಸೀಟಿನಲ್ಲಿ ಜಾಗವಿದೆ, ನೀವೂ ಬನ್ನಿ. ಮುನ್ನೂರು ಕಿಲೋಮೀಟರ್ ಆಸುಪಾಸಿನ ದಾರಿ. ಊಟದ ಹೊತ್ತಿಗೆ ಫ್ರಾನ್ಸಿನ ಮೋಂಬೆಲಿಯಾರ್ ಎಂಬ ಊರಿನಲ್ಲಿರುತ್ತೇವೆ. ಹದಿನೈದು ವರ್ಷದ ನನ್ನ ಮಗಳು ಅಲ್ಲಿ ಇಳಿದುಕೊಳ್ಳುತ್ತಾಳೆ. ಎಂಬತ್ತನಾಲ್ಕು ದಿನ ಆ ಹುಡುಗಿಯ ಮನೆಯಲ್ಲಿ ಉಂಡು, ಆ ಊರಿನ ಶಾಲೆಗೆ ಹೋಗಿ, ಮೇ ಕೊನೆಗೆ ವಾಪಸು ಬರುತ್ತಾಳೆ. ಅದಕ್ಕಾಗಿ ಆ ಮನೆಯವರಿಗೆ ನಾವು ಕೊಡುವುದು ಈ ಪೆಟ್ಟಿಗೆ ಮಾತ್ರ.

ಕಾರು ಅರಮನೆಯ ಹಳದಿ ಗೋಡೆಯ ಪಕ್ಕ ಹಾಯುತ್ತಿದೆ. ಕಳೆದ ಸೆಪ್ಟೆಂಬರಿನಲ್ಲಿ ಆ ಫ್ರೆಂಚ್ ಹುಡುಗಿ ನಮ್ಮ ಮನೆಗೆ ಬಂದ ಮೊದಲ ಭಾನುವಾರ ಅವಳನ್ನು ಇಲ್ಲಿಗೇ ಕರೆತಂದಿದ್ದೆವು. ಅರಮನೆಯ ತೋಟದಲ್ಲಿ ಪ್ರತಿ ಶರತ್ಕಾಲ ಕುಂಬಳಕಾಯಿ ಪ್ರದರ್ಶನ ನಡೆಯುತ್ತದೆ. ಆನೆ, ಡ್ರ್ಯಾಗನ್, ರಥ, ಎಲ್ಲ ಕುಂಬಳಕಾಯಿಯದೇ. ಅವಳು ಫೋಟೋ ತೆಗೆಯಲಿಲ್ಲ. ಒಂದು ಬೆಂಚಿನ ಮೇಲೆ ಕೂತು ಸುಮ್ಮನೆ ಕಣ್ಣೊರೆಸಿಕೊಂಡಳು. ಬಂದು ನಾಲ್ಕೇ ದಿನವಾಗಿತ್ತು, ಊರಿನ ನೆನಪು. ನನ್ನ ಮಗಳು ಏನು ಮಾಡಬೇಕೋ ತಿಳಿಯದೆ ಪಕ್ಕದಲ್ಲಿ ನಿಂತಿದ್ದಳು.

ಇದೇ ಅರಮನೆಯ ಅಂಗಳದಲ್ಲಿ 1962ರ ಸೆಪ್ಟೆಂಬರ್ 9ರಂದು ಫ್ರಾನ್ಸಿನ ಅಧ್ಯಕ್ಷ ಷಾರ್ಲ್ ದ ಗಾಲ್ ನಿಂತು ಜರ್ಮನಿಯ ಯುವಕರನ್ನು ಉದ್ದೇಶಿಸಿ ಜರ್ಮನ್ ಭಾಷೆಯಲ್ಲೇ ಮಾತಾಡಿದರು. ಎರಡು ಮಹಾಯುದ್ಧಗಳಲ್ಲೂ ಜರ್ಮನರ ವಿರುದ್ಧ ಹೋರಾಡಿದ ಮನುಷ್ಯ ಅವರು. ನಾಲ್ಕು ತಿಂಗಳಿಗೆ, 1963ರ ಜನವರಿ 22ರಂದು, ದ ಗಾಲ್ ಮತ್ತು ಜರ್ಮನಿಯ ಚಾನ್ಸಲರ್ ಕೊನ್ರಾಡ್ ಆಡೆನೌವರ್ ಪ್ಯಾರಿಸಿನಲ್ಲಿ ಎಲಿಸೆ ಒಪ್ಪಂದಕ್ಕೆ ಸಹಿ ಹಾಕಿದರು. ಅದೇ ವರ್ಷ ಎರಡೂ ದೇಶ ಸೇರಿ ಒಂದು ಯುವಜನ ಕಚೇರಿ ತೆರೆದವು. ಅಂದಿನಿಂದ ಈತನಕ 90 ಲಕ್ಷಕ್ಕೂ ಹೆಚ್ಚು ಹುಡುಗ ಹುಡುಗಿಯರು ಆ ಕಚೇರಿಯ ಒಂದಲ್ಲ ಒಂದು ಕಾರ್ಯಕ್ರಮದಲ್ಲಿ ಭಾಗಿಯಾಗಿದ್ದಾರೆ. ಹಿಂದಿನ ಸೀಟಿನಲ್ಲಿ ನಿಮ್ಮ ಪಕ್ಕ ಕಿವಿಗೆ ಹೆಡ್‌ಫೋನ್ ಹಾಕಿ ಕೂತಿರುವ ನನ್ನ ಮಗಳೂ ಆ ಸಾಲಿಗೆ ಸೇರುತ್ತಾಳೆ.

ಕಾರ್ಲ್ಸ್‌ರೂಹ ದಾಟಿದೆವು. ಇಲ್ಲಿಂದ ರಸ್ತೆ ದಕ್ಷಿಣಕ್ಕೆ ನೆಟ್ಟಗೆ. ಎಡಕ್ಕೆ ಕಪ್ಪು ಕಾಡಿನ ಬೆಟ್ಟಗಳ ಸಾಲು ಮೆಲ್ಲಗೆ ಬೆಳಗಾಗುತ್ತಿದೆ. ಬಲಕ್ಕೆ, ಕಾಣಿಸದಿದ್ದರೂ, ರೈನ್ ನದಿ ನಮ್ಮ ಜತೆಗೇ ಇದೆ. ಇವರು ಥರ್ಮಾಸಿನಿಂದ ಕಾಫಿ ಬಗ್ಗಿಸಲು ಹೇಳುತ್ತಾರೆ.

ಎರಡು ವರ್ಷದ ಹಿಂದೆ ಇದೇ ಮಗಳು ಅಮೆರಿಕಕ್ಕೆ ಹೋಗಬೇಕೆಂದು ಹಟ ಹಿಡಿದಿದ್ದಳು. ತರಗತಿಯ ಇಬ್ಬರು ಒಂದು ವರ್ಷದ ಮಟ್ಟಿಗೆ ಹೋಗುವವರಿದ್ದರು. ಒಂದು ಏಜೆನ್ಸಿಯ ಮಾಹಿತಿ ಸಭೆಗೆ ಹೋದೆವು. ಬಣ್ಣಬಣ್ಣದ ಪುಸ್ತಕ ಕೈಗಿಟ್ಟರು. ಕೊನೆಯ ಪುಟದಲ್ಲಿದ್ದ ಮೊತ್ತ ಹತ್ತು ಸಾವಿರ ಯೂರೋ ದಾಟಿತ್ತು. ಕೈಖರ್ಚು, ವೀಸಾ, ವಿಮೆ ಬೇರೆ. ಇವರದು ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಸಂಬಳದ ಕೆಲಸ, ನನ್ನದು ಶಿಶುವಿಹಾರದಲ್ಲಿ ಅರ್ಧ ದಿನದ್ದು. ಬಸ್ಸಿನಲ್ಲಿ ವಾಪಸು ಬರುವಾಗ ಮೂವರೂ ಮಾತಾಡಲಿಲ್ಲ. ಮನೆ ಮುಟ್ಟಿದ ಮೇಲೆ ಮಗಳು "ಬೇಡ ಬಿಡಮ್ಮ" ಅಂದಳು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಮಕ್ಕಳು ನಮ್ಮ ಜೇಬು ನೋಡಿ ಆಸೆ ಮಡಚಿಡುವುದನ್ನು ನೋಡುವಷ್ಟು ಕಷ್ಟ ಇನ್ನೊಂದಿಲ್ಲ.

ದಾರಿ ತೋರಿಸಿದ್ದು ಅವಳ ಶಾಲೆಯ ಫ್ರೆಂಚ್ ಟೀಚರು. ಆ ಯುವಜನ ಕಚೇರಿಯದೇ ಒಂದು ಯೋಜನೆ 1989ರಿಂದ ನಡೆಯುತ್ತಿದೆ. ಹೆಸರು ಬ್ರಿಜಿತ್ ಸೊಜೇ ಅವರದು. ಫ್ರಾನ್ಸಿನ ಅಧ್ಯಕ್ಷರಿಗೆ ಜರ್ಮನ್ ದುಭಾಷಿಯಾಗಿದ್ದು, ಆಮೇಲೆ ಜರ್ಮನಿಯ ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ ಅವರಿಗೆ ಸಲಹೆಗಾರ್ತಿಯಾದ ಹೆಂಗಸು. ನಿಯಮ ಸರಳ. ಎಂಟರಿಂದ ಹನ್ನೊಂದನೇ ತರಗತಿಯ ಮಗು ಆಚೆ ದೇಶದ ಜೊತೆಗಾರ ಮಗುವಿನ ಮನೆಯಲ್ಲಿ ಕನಿಷ್ಠ ಎಂಬತ್ತನಾಲ್ಕು ದಿನ ಇರುತ್ತದೆ, ಅಲ್ಲಿಯ ಶಾಲೆಗೆ ಹೋಗುತ್ತದೆ. ಆ ಮಗು ಇಲ್ಲಿಗೆ ಬಂದು ಅಷ್ಟೇ ದಿನ ಇರುತ್ತದೆ. ಉಳಿಯುವುದಕ್ಕೆ, ಉಣ್ಣುವುದಕ್ಕೆ ಯಾರೂ ಯಾರಿಗೂ ದುಡ್ಡು ಕೊಡುವಂತಿಲ್ಲ. ಶಾಲೆಗೆ ಶುಲ್ಕವಿಲ್ಲ. ಪ್ರಯಾಣಕ್ಕೆ ದೂರ ನೋಡಿ ಆ ಕಚೇರಿ ಒಂದಿಷ್ಟು ಸಹಾಯಧನ ಕೊಡುತ್ತದೆ. ಇನ್ನೂ ಹೆಚ್ಚು ಕಾಲ ಇರಬೇಕೆನ್ನುವವರಿಗೆ ವೋಲ್ಟೇರ್ ಎಂಬ ಯೋಜನೆ ಇದೆ: ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ. ನಮ್ಮ ಭಾರತದ ಪಾಸ್‌ಪೋರ್ಟಿಗೆ ಅದು ಒಗ್ಗುವುದಿಲ್ಲ. ಜರ್ಮನಿಯ ವಾಸದ ಪರವಾನಗಿ ಇಟ್ಟುಕೊಂಡು ಬೇರೆ ಷೆಂಗೆನ್ ದೇಶದಲ್ಲಿ 180 ದಿನಕ್ಕೆ 90 ದಿನ ಮಾತ್ರ ಇರಬಹುದು. ಎಂಬತ್ತನಾಲ್ಕು ಅದರೊಳಗೆ ಹಿಡಿಸುತ್ತದೆ. ಅಂದು ರಾತ್ರಿ ಇವರು ಕ್ಯಾಲೆಂಡರ್ ಹಿಡಿದು ಎರಡು ಸಲ ಎಣಿಸಿದರು.

ಟೀಚರು ಇದನ್ನೆಲ್ಲ ಹೇಳುತ್ತಿದ್ದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮವ್ವ. ಮಂಡ್ಯ ಸೀಮೆಯ ನಮ್ಮೂರಿನಲ್ಲಿ ನಾಟಿ ಕಾಲಕ್ಕೆ ಕೂಲಿ ಕೊಡುವಷ್ಟು ದುಡ್ಡು ಯಾರ ಹತ್ತಿರವೂ ಇರುತ್ತಿರಲಿಲ್ಲ. ಹಾಗಂತ ನಾಟಿ ನಿಲ್ಲುತ್ತಿರಲಿಲ್ಲ, ಎಲ್ಲರೂ ಮುಯ್ಯಾಳು ಮಾಡಿಕೊಳ್ಳುತ್ತಿದ್ದರು. ಇವತ್ತು ನಮ್ಮ ಗದ್ದೆಗೆ ಎಂಟು ಜನ ಹೆಂಗಸರು ಬಂದರೆ, ಅವ್ವ ಮುಂದಿನ ಎಂಟು ದಿನ ಒಬ್ಬೊಬ್ಬರ ಗದ್ದೆಗೆ ಹೋಗಿ ಮುಯ್ಯಿ ತೀರಿಸಬೇಕು. ಮಧ್ಯಾಹ್ನದ ಊಟ ಮಾತ್ರ ಗದ್ದೆಯವರದು. ಪೈಸೆ ಕೊಡದೆ, ಪೈಸೆ ತಗೊಳ್ಳದೆ ಇಡೀ ಊರಿನ ಬಯಲು ಹಸಿರಾಗುತ್ತಿತ್ತು. ಮೂರು ತಿಂಗಳ ವಿದೇಶ ವ್ಯಾಸಂಗವನ್ನೂ ಹೀಗೇ ಮಾಡಬಹುದು ಎಂದು ಯಾರೋ ಯೋಚಿಸಿ, ಸರಕಾರದ ಕಾಗದದ ಮೇಲೆ ಬರೆದಿಟ್ಟಿದ್ದಾರಲ್ಲ ಎಂದು ನನಗೆ ಕಣ್ಣು ತುಂಬಿತು.

ಮೈಸೂರಿನ ಕಡೆ ವಾರಾನ್ನದ ಪದ್ಧತಿಯೂ ಇತ್ತು. ಬಡ ವಿದ್ಯಾರ್ಥಿ ವಾರದ ಏಳು ದಿನ ಏಳು ಮನೆಯಲ್ಲಿ ಉಂಡು ಓದುತ್ತಿದ್ದ. ದೊಡ್ಡ ಮನಸ್ಸಿನ ಏರ್ಪಾಟು, ಆದರೆ ಜಾತಿ ನೋಡಿ ಎಲೆ ಹಾಕುತ್ತಿದ್ದರು. ಉಣ್ಣುವವನು ತಲೆ ತಗ್ಗಿಸಿ ಉಣ್ಣಬೇಕಿತ್ತು. ಮುಯ್ಯಿಯಲ್ಲಿ ಹಾಗಿಲ್ಲ. ನಿನ್ನ ಮಗಳು ನಮ್ಮ ಮನೆಯಲ್ಲಿ, ನನ್ನ ಮಗಳು ನಿಮ್ಮ ಮನೆಯಲ್ಲಿ. ಇಬ್ಬರ ಎಲೆಯೂ ಒಂದೇ ಎತ್ತರ. ನನ್ನ ಮಟ್ಟಿಗೆ ಇದರ ಬಲವೆಲ್ಲ ಇರುವುದು ಇಲ್ಲೇ, ಉಳಿಯುವ ದುಡ್ಡು ಆಮೇಲಿನ ಮಾತು.

ನೊಯೆನ್‌ಬುರ್ಗ್ ಬಂತು. ಬಲಕ್ಕೆ ತಿರುವು, ಸೇತುವೆ. ಕೆಳಗೆ ರೈನ್ ನದಿ, ಮೇಲೆ ತೆಳ್ಳಗೆ ಮಂಜು. ತಡೆಗಂಬವಿಲ್ಲ, ಪೊಲೀಸರಿಲ್ಲ. ಫೋನು ಮಾತ್ರ ಟಿಣ್ ಎಂದು ಫ್ರಾನ್ಸಿಗೆ ಸ್ವಾಗತ ಹೇಳುತ್ತದೆ. ಮಗಳು ಹೆಡ್‌ಫೋನ್ ತೆಗೆದು ಕಿಟಕಿಗೆ ಮುಖ ಒತ್ತಿಕೊಂಡಿದ್ದಾಳೆ. ಕನ್ನಡಿಯಲ್ಲಿ ನೋಡುತ್ತೇನೆ, ಅವಳ ತುಟಿ ಅಲುಗುತ್ತಿದೆ. ಬಾಗಿಲಲ್ಲಿ ಹೇಳಬೇಕಾದ ಫ್ರೆಂಚ್ ವಾಕ್ಯವನ್ನು ಒಳಗೊಳಗೇ ಉರು ಹೊಡೆಯುತ್ತಿದ್ದಾಳೆ.

ಮ್ಯುಲೂಜ್, ಬೆಲ್ಫೋರ್ ದಾಟಿ ಮೋಂಬೆಲಿಯಾರಿಗೆ ಇಳಿಯುವಾಗ ಮೊದಲು ಕಾಣುವುದು ಬಂಡೆಯ ಮೇಲಿನ ಕೋಟೆ. ಅದರ ದುಂಡು ಗೋಪುರಗಳನ್ನು ನೋಡಿ ಇವರು "ನಮ್ಮೂರಿನ ದೊರೆಗಳದು" ಅನ್ನುತ್ತಾರೆ. ಸುಳ್ಳಲ್ಲ. ಸುಮಾರು ನಾಲ್ಕು ನೂರು ವರ್ಷ, 1793ರ ತನಕ, ಈ ಫ್ರೆಂಚ್ ಊರು ನಮ್ಮ ಕಡೆಯ ವ್ಯುರ್ಟೆಂಬರ್ಗ್ ಮನೆತನದ ಕೈಯಲ್ಲಿತ್ತು. ಪಕ್ಕದ ಸೋಶೋದಲ್ಲಿ ಪ್ಯೂಜೋ ಕಾರಿನ ಕಾರ್ಖಾನೆ. ಎರಡನೇ ಮಹಾಯುದ್ಧದಲ್ಲಿ ಈ ಸೀಮೆ ಜರ್ಮನರ ಹಿಡಿತದಲ್ಲಿ ನರಳಿತು. ಊರಿನ ಮೇಯರ್ ಲ್ಯುಸಿಯೆಂ ತಾರಾದಾಂ ಬೂಕನ್‌ವಾಲ್ಡ್ ಯಾತನಾ ಶಿಬಿರದಿಂದ ಬದುಕಿ ಬಂದವರು. ಆ ಮನುಷ್ಯನೇ 1950ರಲ್ಲಿ, ಯುದ್ಧ ಮುಗಿದು ಐದೇ ವರ್ಷಕ್ಕೆ, ಲುಡ್ವಿಗ್ಸ್‌ಬುರ್ಗಿನ ಜತೆ ಊರು-ಊರಿನ ನಂಟು ಬೆಳೆಸಿದರು. ಫ್ರಾನ್ಸಿನ ಊರೊಂದು ಜರ್ಮನಿಯ ಊರಿನ ಜತೆ ಹೀಗೆ ಕೈಹಿಡಿದದ್ದು ಅದೇ ಮೊದಲು.

ಗೇಟಿನ ಮುಂದೆ ಕಾರು ನಿಲ್ಲುವ ಮೊದಲೇ ಆ ಹುಡುಗಿ ಹೊರಗೆ ಓಡಿ ಬರುತ್ತಾಳೆ. ನನ್ನ ಎರಡೂ ಕೆನ್ನೆಗೆ ಕೆನ್ನೆ ಒತ್ತಿ, "ಆಂಟಿ, ರವೆ?" ಎಂದು ಕೇಳುತ್ತಾಳೆ. ಅವರಮ್ಮ ಆಸ್ಪತ್ರೆಯಲ್ಲಿ ನರ್ಸು, ಅವರಪ್ಪ ಕಾರ್ಖಾನೆಯಲ್ಲಿ ಪಾಳಿ ಕೆಲಸದವರು. ನಮ್ಮಂಥವರೇ. ಮನೆ ಮೇಲೆ ಎರಡು ಕೋಣೆ, ಕೆಳಗೆ ಅಜ್ಜಿ.

ಮಗಳ ಸೂಟ್‌ಕೇಸು ಹೋದ ಕೋಣೆಯನ್ನು ನೀವೂ ನೋಡಿ. ಚಿಕ್ಕದು. ಗೋಡೆಗೆ ಒಂದು ಮಂಚ, ಕಿಟಕಿಯ ಕೆಳಗೆ ಇನ್ನೊಂದು, ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ. ಕಪಾಟಿನಲ್ಲಿ ಎರಡು ಖಾನೆ ಖಾಲಿ ಮಾಡಿ, ಕಾಗದ ಹಾಸಿ, ಮಗಳ ಹೆಸರನ್ನು ಚೀಟಿಯಲ್ಲಿ ಬರೆದು ಅಂಟಿಸಿದ್ದಾರೆ. ನಮ್ಮ ಮನೆಯಲ್ಲೂ ಇಬ್ಬರೂ ಒಂದೇ ಕೋಣೆಯಲ್ಲಿದ್ದರು. ಮೊದಲ ಮೂರು ವಾರ ಚೆನ್ನಾಗಿರಲಿಲ್ಲ. ಅವಳಿಗೆ ರಾತ್ರಿ ಕಿಟಕಿ ತೆರೆದಿರಬೇಕು, ಇವಳಿಗೆ ಮುಚ್ಚಿರಬೇಕು. ಒಂದು ರಾತ್ರಿ ಇವಳು ದಿಂಬು ತಗೊಂಡು ಹಾಲಿನ ಸೋಫಾಕ್ಕೆ ಬಂದುಬಿಟ್ಟಳು. ನಾನು ಆ ತಾಯಿಗೆ ಫೋನು ಮಾಡಿದೆ. ಆಕೆ ನಕ್ಕು, "ನಮ್ಮಲ್ಲೂ ಅವಳಕ್ಕನ ಜತೆ ಇದೇ ಜಗಳ" ಎಂದರು. ಹತ್ತು ಗಂಟೆಯವರೆಗೆ ತೆರೆದಿರಲಿ, ಆಮೇಲೆ ಮುಚ್ಚಿ ಎಂದು ತೀರ್ಮಾನವಾಯಿತು. ದುಡ್ಡು ಕೊಟ್ಟು ಕಳಿಸಿದ್ದರೆ ಒಂದು ದೂರಿನ ಫಾರಂ ತುಂಬುತ್ತಿದ್ದೆವೋ ಏನೋ.

ಊಟದ ಮೇಜು. ಮೊದಲು ತುರಿದ ಕ್ಯಾರೆಟ್ಟು, ನಿಂಬೆರಸ ಎಣ್ಣೆ ಹಾಕಿ ಕಲಸಿದ್ದು. ಒಗ್ಗರಣೆ ಇಲ್ಲದ ಕೋಸಂಬರಿ. ಆಮೇಲೆ ಸಿಪ್ಪೆಸಮೇತ ಬೇಯಿಸಿದ ಆಲೂಗಡ್ಡೆ. ಅದರ ಮೇಲೆ ಈ ಕಡೆಯವರ ಕಾಂಕ್ವಾಯೋಟ್ ಎಂಬ ಚೀಸು. ಹೆಸರಿಗೆ ಚೀಸು, ನೋಡಲು ಬಿಸಿ ಗಂಜಿಯ ಹಾಗೆ. ಸೌಟಿನಿಂದ ಎತ್ತಿದರೆ ಎಳೆಯಾಗಿ ಇಳಿಯುತ್ತದೆ. ಊರಿನ ಹೆಸರು ಹೊತ್ತ ಹೊಗೆ ಹಾಕಿದ ಸಾಸೇಜನ್ನು ಬೇರೆ ತಟ್ಟೆಯಲ್ಲಿ ಮೇಜಿನ ಆ ಕೊನೆಗೆ ಇಟ್ಟಿದ್ದಾರೆ. ಮಗಳು ಮೂರು ವರ್ಷದಿಂದ ಮಾಂಸ ಬಿಟ್ಟವಳು. ಅದಕ್ಕೆ ಆ ತಾಯಿ ಬೇರೆ ಪಾತ್ರೆ, ಬೇರೆ ಚಮಚವನ್ನೂ ತೆಗೆದಿಟ್ಟಿದ್ದಾರೆ. ಯಾರೂ ಕೇಳಿರಲಿಲ್ಲ.

ನನ್ನ ತಟ್ಟೆಗೆ ಮೂರನೇ ಸಲ ಆಲೂಗಡ್ಡೆ ಬೀಳುವಾಗ ಬಾಯಿ ತಪ್ಪಿ "ಸಾಕು, ಸಾಕು" ಎಂದುಬಿಡುತ್ತೇನೆ. ಹುಡುಗಿ ಕಿಲಕಿಲ ನಗುತ್ತಾಳೆ. ನಮ್ಮ ಮನೆಯಲ್ಲಿ ಅವಳು ಕಲಿತ ಮೊದಲ ಕನ್ನಡ ಪದ ಅದು. ನಾನು ಬಡಿಸುವ ಕೈಗೆ ಅಡ್ಡ ಹಿಡಿಯಲು ಮಗಳು ಹೇಳಿಕೊಟ್ಟಿದ್ದಳು. ಅವಳು ಅಜ್ಜಿಗೆ ಫ್ರೆಂಚಿನಲ್ಲಿ ವಿವರಿಸುತ್ತಾಳೆ: ಮುದ್ದೆಯನ್ನು ಜಗಿಯಬಾರದಂತೆ, ನುಂಗಬೇಕಂತೆ, ತಾನು ಜಗಿದು ಹಲ್ಲಿಗೆಲ್ಲ ಅಂಟಿಸಿಕೊಂಡಳಂತೆ. ಮಗಳು ನಡುವೆ ತಿದ್ದುತ್ತಾಳೆ. ತಡವರಿಸುವ ಫ್ರೆಂಚು, ಆದರೂ ಮೇಜಿನ ಸುತ್ತ ಎಲ್ಲರಿಗೂ ತಿಳಿಯುತ್ತಿದೆ.

ಅಜ್ಜಿ ಚಮಚ ಕೆಳಗಿಟ್ಟು ನನ್ನ ಕಡೆ ತಿರುಗಿ ಜರ್ಮನ್ ಮಾತಾಡುತ್ತಾರೆ. ನಿಧಾನ, ಒಂದೊಂದೇ ಪದ. ಹದಿನಾಲ್ಕು ವಯಸ್ಸಿನಲ್ಲಿ ಶಾಲೆಯ ಕಡೆಯಿಂದ ಮೂರು ವಾರ ಲುಡ್ವಿಗ್ಸ್‌ಬುರ್ಗಿನ ಒಂದು ಮನೆಯಲ್ಲಿ ಇದ್ದರಂತೆ. ಅವರಪ್ಪ ರೈಲ್ವೆ ಸ್ಟೇಷನ್ನಿಗೆ ಕಳಿಸಿಕೊಡಲೂ ಬರಲಿಲ್ಲವಂತೆ. ಜರ್ಮನರ ಮನೆಗೆ ಮಗಳನ್ನು ಕಳಿಸುವುದು ಅವರಿಗೆ ನುಂಗಲಾರದ ತುತ್ತಾಗಿತ್ತು. ಮುಂದಿನ ವರ್ಷ ಆ ಮನೆಯ ಹುಡುಗಿ ಇಲ್ಲಿಗೆ ಬಂದಾಗ ಮಾತ್ರ ಅದೇ ಅಪ್ಪ ತಮ್ಮ ಕುರ್ಚಿಯನ್ನೇ ಅವಳಿಗೆ ಬಿಟ್ಟುಕೊಟ್ಟರಂತೆ. "ಏನೂ ಹೇಳಲಿಲ್ಲ. ಕುರ್ಚಿ ಕೊಟ್ಟರು" ಎಂದು ಅಜ್ಜಿ ಎರಡು ಸಲ ಹೇಳುತ್ತಾರೆ.

ಕಾಫಿ ಆದ ಮೇಲೆ ಕಾಗದಪತ್ರ. ಇದನ್ನು ಹತ್ತಿರದಿಂದ ನೋಡಿ, ನಿಮಗೂ ಬೇಕಾದೀತು. ಮಗಳ ಆರೋಗ್ಯ ವಿಮೆಯ ಕಾರ್ಡು: ಅದರ ಹಿಂಬದಿಯೇ ಯುರೋಪಿನ ಕಾರ್ಡು, ಫ್ರಾನ್ಸಿನ ಸರಕಾರಿ ವ್ಯವಸ್ಥೆಯಲ್ಲೂ ನಡೆಯುತ್ತದೆ. ಅಕ್ಟೋಬರಿನಲ್ಲಿ ಆ ಹುಡುಗಿಗೆ ಕಿವಿನೋವು ಬಂದು ನಮ್ಮ ಡಾಕ್ಟರ ಹತ್ತಿರ ಕರೆದೊಯ್ದಾಗ ಅವಳ ಕಾರ್ಡು ತೋರಿಸಿದೆವು, ಬಿಲ್ಲು ಬರಲಿಲ್ಲ. ತುರ್ತು ಚಿಕಿತ್ಸೆಗೆ ಆ ತಂದೆತಾಯಿ ಒಪ್ಪಿಗೆ ಕೊಡಬಹುದೆಂದು ನಾವು ಸಹಿ ಹಾಕಿದ ಪತ್ರ. ಯಾರದಾದರೂ ವಸ್ತು ಒಡೆದರೆ ತುಂಬಿಕೊಡುವ ವಿಮೆಯ ನಕಲು. ಇನ್ನೊಂದು ಹಾಳೆ ಯಾವ ಕಚೇರಿಯದೂ ಅಲ್ಲ, ನಾವಿಬ್ಬರು ತಾಯಂದಿರು ಬೇಸಿಗೆಯಲ್ಲಿ ವಿಡಿಯೋ ಕರೆಯಲ್ಲಿ ಕೂತು ಬರೆದದ್ದು. ಊಟ, ಬಸ್ ಪಾಸು, ಶಾಲೆಯ ಪ್ರವಾಸ, ಮಧ್ಯಾಹ್ನದ ಕ್ಯಾಂಟೀನು ಇಟ್ಟುಕೊಂಡ ಮನೆಯದು. ಫೋನು, ಬಟ್ಟೆ, ಕೈಖರ್ಚು, ಹೋಗಿಬರುವ ಖರ್ಚು ಹೆತ್ತವರದು. ಉಡುಗೊರೆ ಹುಟ್ಟುಹಬ್ಬಕ್ಕೆ ಮಾತ್ರ. ಈ ಹಾಳೆಯಿಂದಾಗಿ ನಮ್ಮ ನಡುವೆ ಮುಜುಗರದ ಮಾತು ಒಂದೂ ಬಂದಿಲ್ಲ.

ಸೆಪ್ಟೆಂಬರಿನಲ್ಲಿ ನಾನೊಂದು ಲೆಕ್ಕದ ಪುಸ್ತಕ ಇಟ್ಟಿದ್ದೆ. ಹೆಚ್ಚಿಗೆ ಎಷ್ಟಾಗುತ್ತದೆ ನೋಡೋಣವೆಂದು. ಹಾಲು ಎರಡು ಲೀಟರು, ಬ್ರೆಡ್ಡು ಒಂದು, ಚೀಸು, ಸೇಬು. ಬಾಡಿಗೆ ಹೆಚ್ಚಲಿಲ್ಲ, ಹೀಟರು ಹೆಚ್ಚಲಿಲ್ಲ, ಸಾರಿಗೆ ಒಂದು ಲೋಟ ನೀರು ಹೆಚ್ಚಾಯಿತು. ಮೂರನೇ ವಾರ ಬರೆಯುವುದನ್ನೇ ಬಿಟ್ಟೆ. ನಮ್ಮ ಮಗಳು ಇಲ್ಲದ ಈ ಮೂರು ತಿಂಗಳಲ್ಲಿ ಅದೂ ಉಳಿಯುತ್ತದಲ್ಲ.

ಎಲ್ಲರಿಗೂ ಇದು ಆಗುವುದಿಲ್ಲ ಎಂಬುದೂ ಗೊತ್ತು. ಒಂದೇ ಕೋಣೆಯ ಮನೆಯವರು, ಕಾಯಿಲೆಯವರು ಇರುವ ಮನೆಯವರು, ರಾತ್ರಿ ಪಾಳಿಯ ಒಂಟಿ ತಾಯಿ ಮುಯ್ಯಿ ತೀರಿಸುವುದು ಹೇಗೆ? ನಮ್ಮೂರಿನಲ್ಲಿ ಬಾಣಂತಿಯ ಮುಯ್ಯಿಯನ್ನು ಅವಳ ಓರಗಿತ್ತಿ ತೀರಿಸುತ್ತಿದ್ದಳು. ಇಲ್ಲೂ ಹಾಗೆ ಆಗಬೇಕು. ಮಗಳ ತರಗತಿಯ ಒಬ್ಬ ಹುಡುಗನ ಫ್ರೆಂಚ್ ಜೊತೆಗಾರನನ್ನು ಮುಂದಿನ ಶರತ್ಕಾಲ ಮೂರು ವಾರ ನಾವು ಇಟ್ಟುಕೊಳ್ಳುತ್ತೇವೆಂದು ಆ ಹುಡುಗನ ತಾಯಿಗೆ ಮಾತು ಕೊಟ್ಟಿದ್ದೇನೆ.

ನಾಲ್ಕು ಗಂಟೆ. ಹೊರಡುವ ಹೊತ್ತು. ಮಗಳು ಗೇಟಿನ ತನಕ ಬರುತ್ತಾಳೆ. ಸೋಮವಾರದಿಂದ ಅವಳ ಶಾಲೆ ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಸಂಜೆ ಐದರವರೆಗೂ ಇರುತ್ತದೆ. ಜರ್ಮನಿಯಲ್ಲಿ ಒಂದು ಗಂಟೆಗೆ ಮನೆಗೆ ಬಂದು ಅಭ್ಯಾಸ. ಅಂಕ ಇಪ್ಪತ್ತಕ್ಕೆ ಕೊಡುತ್ತಾರೆ. "ಕಡಿಮೆ ಬಂದ್ರೆ ಬೈಬೇಡ" ಎನ್ನುತ್ತಾಳೆ. ನಾನು ಬೈಯುವುದಿಲ್ಲ ಎನ್ನುತ್ತೇನೆ. ಇವರು ಕಾರಿನ ಕೀಲಿಯನ್ನು ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಾ ನಿಂತಿದ್ದಾರೆ. ಅಡುಗೆಮನೆಯ ಕಿಟಕಿಯಿಂದ ಸಾಸಿವೆ ಸಿಡಿಯುವ ಸದ್ದು ಕೇಳುತ್ತದೆ. ಹುಡುಗಿ ಆಗಲೇ ಉಪ್ಪಿಟ್ಟಿಗೆ ಬಾಣಲೆ ಇಟ್ಟಿದ್ದಾಳೆ. ಮಗಳು ಒಳಗೆ ಓಡುತ್ತಾಳೆ: "ರವೆ ಮೊದ್ಲು ಹುರೀಬೇಕು!" ಅವಳು ಅದನ್ನು ಹೇಳಿದ್ದು ಫ್ರೆಂಚಿನಲ್ಲಿ. ನನಗೆ ತಿಳಿದದ್ದು ರವೆಗೆ ಅವರು ಹೇಳುವ "ಸೆಮುಲ್" ಎಂಬ ಪದ ಒಂದೇ.

ಜರ್ಮನಿಯಲ್ಲಿ, ಫ್ರಾನ್ಸಿನಲ್ಲಿ ಇದನ್ನು ಓದುತ್ತಿರುವ ಕನ್ನಡದವರೇ, ನಿಮ್ಮ ಮಕ್ಕಳು ಎಂಟರಿಂದ ಹನ್ನೊಂದನೇ ತರಗತಿಯಲ್ಲಿದ್ದರೆ ಶಾಲೆಯ ಫ್ರೆಂಚ್ ಅಥವಾ ಜರ್ಮನ್ ಟೀಚರನ್ನು ಈ ವಾರವೇ ಕೇಳಿ. ಏಜೆನ್ಸಿಯ ಪುಸ್ತಕ ನೋಡಿ ಮಗುವಿಗೆ ಇಲ್ಲ ಅನ್ನುವ ಮೊದಲು ಕೇಳಿ. ಕರ್ನಾಟಕದಲ್ಲಿರುವವರಿಗೆ ವಿಮಾನದ ಟಿಕೆಟ್ಟು, ವಿಮೆ, ವೀಸಾ ಖರ್ಚು ತಪ್ಪದು ನಿಜ. ಆದರೆ ರೋಟರಿಯ ಯುವ ವಿನಿಮಯದಲ್ಲಿ ಹದಿನೈದರಿಂದ ಹತ್ತೊಂಬತ್ತು ವಯಸ್ಸಿನವರು ಒಂದು ವರ್ಷ ಹೀಗೆ ಬೇರೆ ದೇಶದ ಮನೆಗಳಲ್ಲಿ ಇರುತ್ತಾರೆ. ಇಟ್ಟುಕೊಳ್ಳುವ ಮನೆಯವರು ಊಟಕ್ಕೆ, ಮಂಚಕ್ಕೆ ದುಡ್ಡು ಕೇಳುವುದಿಲ್ಲ. ಬೇರೆ ದೇಶಗಳಿಂದ ಬರುವ ಮಕ್ಕಳಿಗೂ ಕರ್ನಾಟಕದಲ್ಲಿ ಮನೆಗಳು ಬೇಕು. ನಿಮ್ಮ ಊರಿನ ರೋಟರಿ ಕ್ಲಬ್ಬಿಗೆ ಹೋಗಿ, ನಮ್ಮಲ್ಲೊಂದು ಮಂಚವಿದೆ ಎಂದು ಹೇಳಿ ಬನ್ನಿ.